ರೆವಿನ್ಯೂ ಸೈಟು ಕೊಳ್ಳುವ ಮುನ್ನ

ಊರಂಚಿನ ಹೊಲಕ್ಕೆ ಕಲ್ಲು ನೆಟ್ಟು, ಮಣ್ಣಿನ ರಸ್ತೆ ಎಳೆದ ಮಾತ್ರಕ್ಕೆ ಅದು ಬಡಾವಣೆಯಾಗುವುದಿಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಕಲಮಿನಂತೆ ಕೃಷಿ ಜಮೀನು ಮೊದಲು ಭೂ ಪರಿವರ್ತನೆಯಾಗಬೇಕು. ಬಳಿಕ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಜಾಗ ಬಿಟ್ಟ ವಿನ್ಯಾಸ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕು. ಮಾಸ್ಟರ್ ಪ್ಲಾನ್‌ನಲ್ಲಿ ಆ ಸರ್ವೆ ನಂಬರು ವಸತಿ ವಲಯದಲ್ಲಿದೆಯೇ, ಹಸಿರು ವಲಯದಲ್ಲಿದೆಯೇ ಎಂಬುದೂ ಮುಖ್ಯ. ಕೃಷಿ ಜಮೀನಾಗಿಯೇ ಒಂದು ಭಾಗವನ್ನು ಮಾರುವುದಾದರೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಅಗತ್ಯ. ಹೀಗೆ ಪರಿವರ್ತನೆ, ಅನುಮೋದನೆಯಿಲ್ಲದ ನಿವೇಶನವೇ ರೆವಿನ್ಯೂ ಸೈಟು; ಅದಕ್ಕೆ ಕ್ರಯಪತ್ರವಿದ್ದರೂ ಇ-ಖಾತೆ, ಕಟ್ಟಡ ಪರವಾನಗಿ, ಬ್ಯಾಂಕ್ ಸಾಲಕ್ಕೆ ತೊಡಕಾಗಬಹುದು. ಮುಂಗಡ ಕೊಡುವ ಮೊದಲೇ ಪಹಣಿ, ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ಋಣಭಾರ ಪತ್ರ ಇಷ್ಟನ್ನೂ ತರಿಸಿಕೊಂಡು, ಎಲ್ಲದರಲ್ಲೂ ಸರ್ವೆ ನಂಬರು, ವಿಸ್ತೀರ್ಣ ಒಂದೇ ಇವೆಯೇ ಎಂದು ತಾಳೆ ನೋಡಿಕೊಳ್ಳುವುದು ಒಳಿತು.