ಎಣ್ಣೆ ಹಚ್ಚಿದರೂ ಹೋಗದ ಹೊಟ್ಟು

ಪ್ರಶ್ನೆ: ವಯಸ್ಸು 24, ದಾವಣಗೆರೆಯಲ್ಲಿ ದಿನವಿಡೀ ಬೈಕಿನಲ್ಲಿ ಓಡಾಡುವ ಕೆಲಸ. ವರ್ಷದಿಂದ ತಲೆಹೊಟ್ಟು, ತುರಿಕೆ. ಅಮ್ಮ ಹೇಳಿದಂತೆ ರಾತ್ರಿ ಕೊಬ್ಬರಿ ಎಣ್ಣೆ, ಆಗಾಗ ನಿಂಬೆರಸ ಹಚ್ಚಿದರೂ ಕಡಿಮೆಯಾಗಿಲ್ಲ. ಹೆಲ್ಮೆಟ್ ಕಾರಣವೇ?

ಉತ್ತರ: ಮೊದಲು ರಾತ್ರಿಯ ಎಣ್ಣೆ ನಿಲ್ಲಿಸಿ. ನೆತ್ತಿ ಒಣಗಿ ಹೊಟ್ಟು ಏಳುತ್ತದೆಂದು ಅಮ್ಮಂದಿರು ಎಣ್ಣೆ ತಿಕ್ಕುತ್ತಾರೆ. ಆದರೆ ಇದರ ಹಿಂದಿರುವ ಮಲಸೇಜಿಯಾ ಎಂಬ ಶಿಲೀಂಧ್ರ ಬದುಕುವುದೇ ಜಿಡ್ಡಿನ ಮೇಲೆ. ನಿಂಬೆರಸವೂ ಬೇಡ, ಕೆರೆದ ಚರ್ಮ ಇನ್ನಷ್ಟು ಉರಿಯುತ್ತದೆ.

ಶೇ 2ರ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ 2 ಸಲದಂತೆ 4 ವಾರ ಬಳಸಿ. ಹೆಚ್ಚಿನವರು ಎಡವುವುದು ಹಚ್ಚುವ ಬಗೆಯಲ್ಲಿ: ಕೂದಲ ಮೇಲೆ ನೊರೆ ಬಂದದ್ದೇ ತಡ, ತೊಳೆದುಬಿಡುತ್ತಾರೆ. ಒದ್ದೆ ಕೂದಲನ್ನು ಬೈತಲೆ ತೆಗೆದಂತೆ ಸರಿಸಿ, ಉಗುರು ತಾಗಿಸದೆ ಬೆರಳ ತುದಿಯಿಂದ ನೆತ್ತಿಗೇ ಹಚ್ಚಿ. 5 ನಿಮಿಷ ಬಿಟ್ಟು ತೊಳೆಯಿರಿ. ಕಿವಿಯ ಹಿಂಭಾಗ ಮರೆಯಬೇಡಿ. ಹೊಟ್ಟು ಮರುಕಳಿಸುವ ತೊಂದರೆ; ಹೋದ ಮೇಲೂ ವಾರಕ್ಕೋ 15 ದಿನಕ್ಕೋ ಒಮ್ಮೆ ಅದೇ ಶಾಂಪೂ ಹಾಕಿ.

ಹೆಲ್ಮೆಟ್ ಮೂಲ ಕಾರಣವಲ್ಲ, ಬೆವರು ತುರಿಕೆ ಹೆಚ್ಚಿಸಬಹುದು ಅಷ್ಟೆ. ಅದನ್ನು ಬಿಡುವ ಮಾತೇ ಬೇಡ. ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿ, ದಿನಾ ಒಗೆಯಿರಿ.

ಅಂಗಡಿಯವರು ಕೊಟ್ಟರೆಂದು ಸ್ಟೀರಾಯ್ಡ್ ಲೋಷನ್ ಹಚ್ಚಬೇಡಿ. 4 ವಾರಕ್ಕೂ ಬಗ್ಗದಿದ್ದರೆ, ಕೀವು ಸೋರಿದರೆ, ಕೂದಲು ಬಿಲ್ಲೆಬಿಲ್ಲೆಯಾಗಿ ಉದುರಿದರೆ ಚರ್ಮವೈದ್ಯರಿಗೆ ತೋರಿಸಿ. ಮೊಣಕೈ, ಮೊಣಕಾಲಲ್ಲೂ ದಪ್ಪ ಬಿಳಿ ಪೊರೆ ಕಂಡರೆ ಕಾಯಬೇಡಿ, ಅದು ಸೋರಿಯಾಸಿಸ್ ಇರಬಹುದು.