ಮೊದಲು ಕಿಟಕಿ, ಆಮೇಲೆ ಕ್ಯಾಮೆರಾ

ನಿವೃತ್ತರಾದ ಮೇಲೆ ಕ್ಯಾಮೆರಾ ಹಿಡಿದವರು ನನ್ನ ಬಳಿ ಬಂದರೆ ಮೊದಲು ಕೇಳುವ ಪ್ರಶ್ನೆ ಒಂದೇ: "ಮನೆಯಲ್ಲೇ ಕೂತು ಸ್ಟಿಲ್ ಲೈಫ್ ತೆಗೆಯೋದು ಕಲೀಬೇಕು, ಯಾವ ಲೆನ್ಸ್ ತಗೊಳ್ಳಲಿ?" ಲೆನ್ಸಿನ ಮಾತು ಆಮೇಲಿರಲಿ. ನಿಮ್ಮ ಮನೆಯ ಕಿಟಕಿ ಯಾವ ದಿಕ್ಕಿಗಿದೆ? ಬೆಳಿಗ್ಗೆ ಒಂಬತ್ತಕ್ಕೆ ಅದರ ಬೆಳಕು ಎಲ್ಲಿ ಬೀಳುತ್ತದೆ, ಸಂಜೆ ನಾಲ್ಕಕ್ಕೆ ಎಲ್ಲಿರುತ್ತದೆ? ಇದಕ್ಕೆ ಉತ್ತರ ಗೊತ್ತಿಲ್ಲದವರ ಕೈಗೆ ಎಂಥ ಲೆನ್ಸ್ ಕೊಟ್ಟರೂ ಚಿತ್ರ ಸಪ್ಪೆಯಾಗಿಯೇ ಬರುತ್ತದೆ. ಉತ್ತರ ಗೊತ್ತಿದ್ದವರಿಗೆ ಜೇಬಿನಲ್ಲಿರುವ ಫೋನೇ ಸಾಕು.

ವಸ್ತುವಿಗೆ ದೂರ ಹೋಗಬೇಡಿ. ನಮ್ಮ ಅರಸೀಕೆರೆ ಕೊಬ್ಬರಿಯ ಊರು. ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕೂತು ಒಣಗಿದ ಉಂಡೆ ಕೊಬ್ಬರಿಗಿಂತ ಒಳ್ಳೆಯ ಪಾಠದ ವಸ್ತು ನನಗೆ ಇನ್ನೊಂದು ಕಂಡಿಲ್ಲ. ಹೊರಗೆ ಕಂದು, ಸುಕ್ಕುಸುಕ್ಕು. ಒಡೆದರೆ ಒಳಗೆ ನುಣುಪಾದ ಬಿಳುಪು. ಆಕಾರ ದುಂಡು. ಕತ್ತಲು, ಬೆಳಕು, ಒರಟು, ನಯ ಎಲ್ಲವೂ ಒಂದರಲ್ಲೇ ಇವೆ. ಅಲುಗುವುದಿಲ್ಲ, ಬಾಡುವುದಿಲ್ಲ, ನಾಳೆಗೂ ಹಾಗೇ ಇರುತ್ತದೆ.

ಕಿಟಕಿಯ ಪಕ್ಕ ಮೇಜು ಹಾಕಿ ಅದರ ಮೇಲೆ ಒಂದು ಉಂಡೆ ಇಡಿ. ಮೊದಲು ಕಿಟಕಿಗೆ ಬೆನ್ನು ಹಾಕಿ ನಿಂತು ತೆಗೆಯಿರಿ. ಬೆಳಕು ನೇರ ಎದುರಿಗೆ ಬಿದ್ದು ಉಂಡೆ ಚಪ್ಪಟೆ ಬಿಲ್ಲೆಯಂತೆ ಕಾಣುತ್ತದೆ. ಆಮೇಲೆ ಕಿಟಕಿ ನಿಮ್ಮ ಎಡಕ್ಕೆ ಬರುವ ಹಾಗೆ ಸರಿದು ನಿಲ್ಲಿ. ಒಂದೊಂದು ಸುಕ್ಕೂ ಎದ್ದು ಬರುತ್ತದೆ, ಬಲಗಡೆ ನೆರಳು ಕೂತು ಉಂಡೆಗೆ ಮೈ ಬರುತ್ತದೆ. ಕೊನೆಗೆ ಕಿಟಕಿಯನ್ನು ವಸ್ತುವಿನ ಹಿಂದಕ್ಕೆ ಮಾಡಿಕೊಳ್ಳಿ. ಅಂಚು ಮಾತ್ರ ಹೊಳೆದು ಉಳಿದದ್ದು ಕಪ್ಪಾಗುತ್ತದೆ. ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸ್ಟಿಲ್ ಲೈಫಿನ ಅರ್ಧ ವಿದ್ಯೆ ಅಲ್ಲಿದೆ.

ಇನ್ನರ್ಧಕ್ಕೆ ನಮ್ಮ ಸೀಮೆಯವರಿಗೆ ಇರುವ ಪುಣ್ಯ ಬೇರೆಯವರಿಗಿಲ್ಲ. ಬೇಲೂರು, ಹಳೇಬೀಡಿಗೆ ನೂರು ಸಲ ಹೋಗಿರುತ್ತೀರಿ. ಇನ್ನೊಮ್ಮೆ ಹೋಗಿ, ಈ ಸಲ ಶಿಲ್ಪ ನೋಡುವುದಕ್ಕಲ್ಲ, ಶಿಲ್ಪದ ಮೇಲೆ ಬಿಸಿಲು ನಡೆಯುವುದನ್ನು ನೋಡುವುದಕ್ಕೆ. ಹಳೇಬೀಡಿನ ಹೊಯ್ಸಳೇಶ್ವರ ಪೂರ್ವಕ್ಕೆ ಮುಖ ಮಾಡಿದ ಗುಡಿ. ಮೂರ್ತಿಗಳು ಕಿಕ್ಕಿರಿದ ಪಶ್ಚಿಮದ ಗೋಡೆ ಬೆಳಿಗ್ಗೆ ಪೂರ್ತಿ ನೆರಳಲ್ಲಿರುತ್ತದೆ. ಮಧ್ಯಾಹ್ನ ಇಳಿಯುತ್ತ ಬಂದ ಹಾಗೆ ಬಿಸಿಲು ಗೋಡೆಯನ್ನು ಸವರಿಕೊಂಡು ಬರುತ್ತದೆ. ಆಗ ಆ ಬಳಪದ ಕಲ್ಲಿನ ಹಾರ, ಬಳೆ, ಗೆಜ್ಜೆ ಒಂದೊಂದಕ್ಕೂ ಅದರದೇ ನೆರಳು ಹುಟ್ಟುತ್ತದೆ. ನಿಮ್ಮ ಮೇಜಿನ ಮೇಲೆ ಕೊಬ್ಬರಿಯ ಸುಕ್ಕಿಗೆ ಆದದ್ದೂ ಇದೇ. ಒಳಗೆ ಹೋದರೆ ಕಡೆದು ನುಣುಪು ಮಾಡಿದ ದುಂಡು ಕಂಬಗಳಿವೆ. ಬಾಗಿಲ ಬೆಳಕು ಅವುಗಳ ಮೇಲೆ ಒಂದು ಉದ್ದ ಗೆರೆಯಾಗಿ ನಿಲ್ಲುತ್ತದೆ, ನೀವು ಜಾಗ ಬದಲಿಸಿದರೆ ಆ ಗೆರೆಯೂ ಸರಿಯುತ್ತದೆ. ಹಿತ್ತಾಳೆ ಚೊಂಬನ್ನು ತೆಗೆಯಲು ಕೂತಾಗ ಈ ಕಂಬ ನೆನಪಿಗೆ ಬರಲಿ. ಹೊಳೆಯುವ ವಸ್ತುವಿನಲ್ಲಿ ನಾವು ಕಾಣುವುದು ಎದುರಿಗಿರುವ ಕಿಟಕಿಯ ಬಿಂಬವನ್ನೇ.

ಬೇಲೂರಿನ ಪಾಠ ಬೇರೆ. 1117ರ ಚೆನ್ನಕೇಶವ ಗುಡಿಯ ಹೊರಗೆ, ಸೂರಿನ ಕೆಳಗೆ 38 ಮದನಿಕೆಯರಿದ್ದಾರೆ. ನಡುಹಗಲಲ್ಲಿ ಸೂರು ಬಿಸಿಲನ್ನು ಅವರಿಂದ ಮರೆಮಾಡುತ್ತದೆ. ಆದರೂ ಅವರ ಮುಖ ಕತ್ತಲಾಗುವುದಿಲ್ಲ, ಯಾಕೆಂದರೆ ಅಂಗಳದ ಚಪ್ಪಡಿಗೆ ಬಡಿದ ಬಿಸಿಲು ಮೇಲಕ್ಕೆ ಚಿಮ್ಮಿ ಅವರನ್ನು ಮುಟ್ಟುತ್ತದೆ. ಫೋಟೋಗ್ರಾಫರುಗಳು ರಿಫ್ಲೆಕ್ಟರ್ ಎಂದು ದುಡ್ಡು ಕೊಟ್ಟು ತರುವುದು ಇದನ್ನೇ. ಮನೆಯಲ್ಲಿ ಆ ಅಂಗಳದ ಕೆಲಸವನ್ನು ಒಂದು ಬಿಳಿ ಥರ್ಮೋಕೋಲ್ ಹಲಗೆ ಮಾಡುತ್ತದೆ. ವಸ್ತುವಿನ ನೆರಳಿನ ಬದಿಗೆ ಹಿಡಿದು ಹತ್ತಿರ ತನ್ನಿ, ದೂರ ಮಾಡಿ, ನೆರಳು ತಿಳಿಯಾಗುವುದೂ ಗಾಢವಾಗುವುದೂ ಕಣ್ಣೆದುರೇ ನಡೆಯುತ್ತದೆ. ನೆರಳು ಇನ್ನೂ ಕಪ್ಪಾಗಬೇಕೆಂದರೆ ಅದೇ ಜಾಗದಲ್ಲಿ ಕಪ್ಪು ಕಾಗದ ನಿಲ್ಲಿಸಿ. ಅಂದಹಾಗೆ, ಗುಡಿಗಳಿಗೆ ಹೋಗುವಾಗ ಟ್ರೈಪಾಡ್ ಮನೆಯಲ್ಲೇ ಬಿಡಿ. ಅದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅಲ್ಲಿ ನಿಮಗೆ ಬೇಕಾದದ್ದು ಕಣ್ಣು ಮಾತ್ರ.

ಉತ್ತರದ ಕಿಟಕಿಯ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಉತ್ತರದ ಕಿಟಕಿಯಲ್ಲಿ ನೇರ ಬಿಸಿಲು ಬರುವುದಿಲ್ಲ, ಇಡೀ ದಿನ ತಣ್ಣನೆಯ ಒಂದೇ ಬೆಳಕು ಎಂದು ಯುರೋಪು, ಅಮೆರಿಕದ ಪುಸ್ತಕಗಳಲ್ಲಿ ಓದಿರುತ್ತೀರಿ. ಅದು ಅವರ ಊರಿಗೆ ಸರಿ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಮತ್ತೆ ನೆತ್ತಿಗೆ ಬರುವುದು ಆಗಸ್ಟ್ ಮಧ್ಯದಲ್ಲಿ. ಆ ತಿಂಗಳುಗಳಲ್ಲಿ ನಮ್ಮ ಉತ್ತರದ ಕಿಟಕಿಗೂ ಬಿಸಿಲು ಬರುತ್ತದೆ. ಪುಸ್ತಕ ಹೇಳಿದ್ದು ನಮ್ಮ ಮನೆಯಲ್ಲಿ ಯಾಕೆ ಆಗುತ್ತಿಲ್ಲ ಎಂದು ಕೊರಗಬೇಡಿ. ಕಿಟಕಿಗೆ ಒಂದು ಹಳೆಯ ಬಿಳಿ ಪಂಚೆ ಕಟ್ಟಿ. ಚುರುಕು ಬಿಸಿಲು ಹಾಲಿನಂಥ ಬೆಳಕಾಗಿ ಒಳಗೆ ಬರುತ್ತದೆ. ಮೋಡ ಕವಿದ ಆಷಾಢದ ದಿನಗಳಲ್ಲಂತೂ ಪಂಚೆಯೂ ಬೇಡ.

ಚಿತ್ರ ತೆಗೆಯುವಾಗ ಟ್ಯೂಬ್‌ಲೈಟು, ಬಲ್ಬು ಎಲ್ಲ ಆರಿಸಿ. ಎರಡು ಬಣ್ಣದ ಬೆಳಕು ಸೇರಿದರೆ ಬಿಳಿ ಕೊಬ್ಬರಿ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿಯಾಗುತ್ತದೆ. ಕ್ಯಾಮೆರಾ ಇದ್ದವರು ಐಎಸ್‌ಒ 100, ಅಪರ್ಚರ್ ಎಫ್ 8 ಇಟ್ಟು ಷಟರ್ ಎಷ್ಟು ನಿಧಾನವಾದರೂ ಆಗಲಿ ಎಂದು ಬಿಡಿ. ಟ್ರೈಪಾಡ್ ಮೇಲೆ ನಿಂತ ಕ್ಯಾಮೆರಾಗೆ ಒಂದು ಸೆಕೆಂಡು ದೊಡ್ಡದಲ್ಲ. ಎರಡು ಸೆಕೆಂಡಿನ ಟೈಮರ್ ಹಾಕಿದರೆ ಕೈ ನಡುಗುವವರಿಗೂ ಚಿತ್ರ ಸ್ಪಷ್ಟವಾಗಿ ಬರುತ್ತದೆ. ಫೋನಿನವರು ವಸ್ತುವಿನ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಕಟ್ಟಿಹಾಕಿ, ಬೆಳಕನ್ನು ಸ್ವಲ್ಪ ಕೆಳಗಿಳಿಸಿ ನೋಡಿ. ತೀರ ಹತ್ತಿರ ಹೋಗಬೇಡಿ, ಮುಂದಿನ ಭಾಗ ಉಬ್ಬಿದಂತಾಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು 2 ಎಕ್ಸ್ ಬಳಸಿ.

ನಮ್ಮ ವಯಸ್ಸಿನವರಿಗೆ ಕಣ್ಣಿನ ವಿಷಯ ಮುಖ್ಯ. ಕಣ್ಣಿಗೆ ಪೊರೆ ಬರುತ್ತಿದ್ದರೆ ಲೋಕವೇ ಒಂದಿಷ್ಟು ಹಳದಿಯಾಗಿ ಕಾಣುತ್ತದೆ. ಆ ಕಣ್ಣಿನಲ್ಲಿ ಚಿತ್ರದ ಬಣ್ಣ ತಿದ್ದಲು ಹೋದರೆ ನೋಡುವವರಿಗೆ ಅದು ನೀಲಿಯಾಗಿ ಕಾಣಬಹುದು. ಬಣ್ಣದ ತೀರ್ಮಾನವನ್ನು ಮನೆಯ ಮಕ್ಕಳಿಗೆ ತೋರಿಸಿ ಮಾಡಿ, ಕಣ್ಣನ್ನು ವೈದ್ಯರಿಗೆ ತೋರಿಸಿ. ಕ್ಯಾಮೆರಾದ ವ್ಯೂಫೈಂಡರ್ ಪಕ್ಕ ಕಣ್ಣಿನ ಪವರಿಗೆ ಹೊಂದಿಸುವ ಚಿಕ್ಕ ಗಾಲಿ ಇರುತ್ತದೆ, ಅದನ್ನು ತಿರುಗಿಸಿ ಸರಿಮಾಡಿಕೊಳ್ಳಿ. ಮೇಜು ಎದೆಯ ಮಟ್ಟಕ್ಕಿರಲಿ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡರೆ ಮರುದಿನ ಅಭ್ಯಾಸ ತಪ್ಪುತ್ತದೆ.

ಮನೆಯಲ್ಲಿ ಕೂತು ತೆಗೆದದ್ದು ಏನು ದೊಡ್ಡ ಫೋಟೋಗ್ರಫಿ ಎಂದು ಯಾರಾದರೂ ಅಂದರೆ ಮನಸ್ಸಿಗೆ ಹಾಕಿಕೊಳ್ಳಬೇಡಿ. ಪ್ರಾಗ್ ನಗರದ ಯೋಸೆಫ್ ಸುಡೆಕ್ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. ಅವರು 1940ರಿಂದ ವರ್ಷಗಟ್ಟಲೆ ತಮ್ಮ ಸ್ಟುಡಿಯೋದ ಒಂದೇ ಕಿಟಕಿಯನ್ನು ಚಿತ್ರಿಸಿದರು. ಕಿಟಕಿಯ ಅಂಚಿನಲ್ಲಿಟ್ಟ ಗಾಜಿನ ಲೋಟ, ಮೊಟ್ಟೆ, ಬ್ರೆಡ್ಡು ಅವರ ವಸ್ತುಗಳಾದವು. ಅಮೆರಿಕದ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆ ಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಟ್ಟು ತೆಗೆದ ಚಿತ್ರ ಇವತ್ತಿಗೂ ಲೋಕಪ್ರಸಿದ್ಧ. ನಮ್ಮ ಹಳೇಬೀಡನ್ನೇ ತಗೊಳ್ಳಿ. 1856ರಲ್ಲಿ ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಬ್ರಿಟಿಷ್ ಅಧಿಕಾರಿ ಆ ಗುಡಿಯ ಫೋಟೋ ತೆಗೆದರು, ಮೂರು ವರ್ಷದ ಮೇಲೆ ಲಂಡನ್ನಿನಲ್ಲಿ 56 ಚಿತ್ರಗಳ ಪುಸ್ತಕವಾಗಿ ಬಂತು. ಆ ಕಾಲದ ಕ್ಯಾಮೆರಾಗೆ ಅಲುಗದ ವಸ್ತುವೇ ಬೇಕಿತ್ತು, ಕಲ್ಲು ಅದಕ್ಕೆ ಒದಗಿತು. ಆತುರವಿಲ್ಲದವರ ಕಲೆ ಇದು, ಹಾಗಾಗಿ ನಮ್ಮ ವಯಸ್ಸಿಗೆ ಒಗ್ಗುತ್ತದೆ.

ಮೊದಲ ಆರು ತಿಂಗಳು ಹೊಸ ಸಾಮಾನು ಏನನ್ನೂ ಕೊಳ್ಳಬೇಡಿ. ಉಂಡೆ ಕೊಬ್ಬರಿ ಕೈಗೆ ಬಂದ ಮೇಲೆ ಅಟ್ಟದಲ್ಲಿರುವ ಪಾವು, ಸೇರು, ಈಳಿಗೆಮಣೆ, ಅಜ್ಜಿಯ ತಾಂಬೂಲದ ತಟ್ಟೆ ಕೆಳಗಿಳಿಸಿ. ಅವು ಗುಜರಿಗೆ ಹೋಗುವ ಮುನ್ನ ಒಂದೊಂದನ್ನೂ ಕಿಟಕಿಯ ಬೆಳಕಿನಲ್ಲಿ ಕೂರಿಸಿ ಚಿತ್ರ ತೆಗೆಯಿರಿ. ಚಿತ್ರವನ್ನು ಫೋನಿನೊಳಗೇ ಬಿಡದೆ ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ಆ ವಸ್ತು ಯಾರದು, ಯಾವ ಊರಿಂದ ಬಂತು, ಅದರಲ್ಲಿ ಏನು ಅಳೆಯುತ್ತಿದ್ದರು ಎಂದು ನಿಮ್ಮ ಕೈಯಾರೆ ಬರೆದಿಡಿ.