ಮೊರಾಕ್ಕೊ: ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ

2022ರ ಕತಾರ್ ಫುಟ್‌ಬಾಲ್ ವಿಶ್ವಕಪ್ ಕುರಿತ ರಸಪ್ರಶ್ನೆ ಮೆಸ್ಸಿಯ ಅರ್ಜೆಂಟೀನಾಕ್ಕೇ ನಿಲ್ಲಬೇಕಿಲ್ಲ. ಪುರುಷರ ವಿಶ್ವಕಪ್‌ನಲ್ಲಿ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ ಯಾವುದು ಎಂದರೆ ಉತ್ತರ ಮೊರಾಕ್ಕೊ. ಅಡ್ಡಹೆಸರು 'ಅಟ್ಲಾಸ್ ಸಿಂಹಗಳು'. ಆಗಿನ ಕೋಚ್ ವಲೀದ್ ರೆಗ್ರಾಗಿ. ಕ್ಯಾಮರೂನ್ (1990), ಸೆನೆಗಲ್ (2002), ಘಾನಾ (2010) ಕ್ವಾರ್ಟರ್‌ಫೈನಲ್‌ನಲ್ಲೇ ನಿಂತಿದ್ದವು.

ಗುಂಪು ಹಂತದಲ್ಲಿ ಕ್ರೊವೇಷಿಯಾ ಜತೆ 0–0 ಡ್ರಾ, ಬೆಲ್ಜಿಯಂ ವಿರುದ್ಧ 2–0, ಕೆನಡಾ ವಿರುದ್ಧ 2–1 ಜಯ. ಕೆನಡಾಕ್ಕೆ ಸಿಕ್ಕ ಆ ಒಂದು ಗೋಲು ಕೂಡ ಮೊರಾಕ್ಕೊದ ನಾಯೆಫ್ ಅಗೆರ್ಡ್ ಕಾಲಿಗೆ ತಗುಲಿ ಒಳಹೋದದ್ದು! ಸೆಮಿಫೈನಲ್‌ವರೆಗೆ ಎದುರಾಳಿ ಆಟಗಾರರಾರೂ ಈ ತಂಡದ ಮೇಲೆ ಗೋಲು ಹೊಡೆಯಲಿಲ್ಲ.

ನಾಕೌಟ್ ಹಂತದ ಸ್ಪೇನ್ ಪಂದ್ಯದ ಪ್ರಶ್ನೆಯಲ್ಲಿ ಎಚ್ಚರ ಬೇಕು. 120 ನಿಮಿಷ ಗೋಲಿಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ ಮೊರಾಕ್ಕೊಗೆ 3–0 ಜಯ. ಗೋಲ್‌ಕೀಪರ್ ಯಾಸಿನ್ ಬೂನೂ ಎರಡು ಹೊಡೆತ ತಡೆದರು, ಒಂದು ಕಂಬಕ್ಕೆ ಬಡಿಯಿತು. ಗೆಲುವಿನ ಹೊಡೆತ ಅಶ್ರಫ್ ಹಕೀಮಿಯದು. ಅವರು ಹುಟ್ಟಿದ್ದು ಸ್ಪೇನ್‌ನ ಮ್ಯಾಡ್ರಿಡ್‌ನಲ್ಲೇ ಎಂಬುದು ಸೋಜಿಗ. ಬಳಿಕ ಕ್ವಾರ್ಟರ್‌ಫೈನಲ್‌ನಲ್ಲಿ ಯೂಸುಫ್ ಎನ್-ನೆಸಿರಿ ತಲೆಯಿಂದ ಹೊಡೆದ ಗೋಲಿಗೆ ಪೋರ್ಚುಗಲ್ 0–1ರಿಂದ ಮಣಿಯಿತು.

ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಎದುರು 0–2, ಮೂರನೇ ಸ್ಥಾನಕ್ಕಾಗಿ ಕ್ರೊವೇಷಿಯಾ ಎದುರು 1–2 ಸೋಲು. ಹಾಗಾಗಿ ಅಂತಿಮ ಸ್ಥಾನ ನಾಲ್ಕು. ಆಯ್ಕೆಗಳಲ್ಲಿ 'ಮೂರು' ಕಂಡರೆ ಮೋಸ ಹೋಗಬೇಡಿ.

ಜತೆಗಿರಲಿ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಫುಟ್‌ಬಾಲ್‌ನಲ್ಲಿ ಈಜಿಪ್ಟ್ ವಿರುದ್ಧ 6–0 ಗೆದ್ದು ಮೊರಾಕ್ಕೊಗೆ ಕಂಚು. ಮೊರಾಕ್ಕೊದ ರಾಜಧಾನಿ ರಬಾತ್, ಕಾಸಾಬ್ಲಾಂಕಾ ಅಲ್ಲ.